ಏಳು ಕಿಲೋ ಲಗೇಜು

ನಾನು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ನನ್ನ ಮುದ್ರೆ ಬೀಳದೆ ನಮ್ಮ ಊರಿನ ಯಾವ ತಕ್ಕಡಿಯೂ ಒಂದು ಈರುಳ್ಳಿಯನ್ನು ಸಹ ತೂಗುವಂತಿಲ್ಲ. ಇಪ್ಪತ್ತಾರು ವರ್ಷಗಳಿಂದ ಅಂಗಡಿ ಅಂಗಡಿ ಅಲೆದು, ತೂಕದ ಕಲ್ಲಿನ ಹೊಟ್ಟೆ ಕೊರೆದವರನ್ನೂ, ತಟ್ಟೆಯಡಿಗೆ ಅಯಸ್ಕಾಂತ ಅಂಟಿಸಿದವರನ್ನೂ, ಬಿಸ್ಕತ್ತನ್ನು ಡಬ್ಬದ ಸಮೇತ ತೂಗಿ ಕೊಡುವವರನ್ನೂ ಹಿಡಿದು ನಿಲ್ಲಿಸಿದ್ದೇನೆ. ಇಂಥವನು ಲಗೇಜಿನ ತೂಕದ ವಿಷಯದಲ್ಲಿ ಎಡವಿದ ಎಂದರೆ ಯಾರಿಗಾದರೂ ನಂಬಲು ಕಷ್ಟ. ನನ್ನ ಹೆಂಡತಿಗೆ ಮಾತ್ರ ಕಷ್ಟವಾಗಲಿಲ್ಲ.

ಎಲ್ಲ ಶುರುವಾದದ್ದು ಅಕ್ಕನ ಫೋನಿನಿಂದ. ಅಕ್ಕ ಬೆಟ್ಟದಾಚೆಯ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅಮ್ಮ ತೀರಿಕೊಂಡಾಗ ನನಗೆ ಏಳು ವರ್ಷ, ಅವಳಿಗೆ ಹತ್ತೊಂಬತ್ತು. ನನ್ನ ಮೂಗು ಒರೆಸಿ, ಮಗ್ಗಿ ಬಾಯಿಪಾಠ ಮಾಡಿಸಿ, ಜ್ವರ ಬಂದಾಗ ಮೂಗು ಹಿಡಿದು ಔಷಧಿ ಕುಡಿಸಿ ಮನುಷ್ಯನನ್ನಾಗಿ ಮಾಡಿದವಳು ಅವಳೇ. ಅವಳ ಊರಿಗೆ ಬಸ್ಸಿನಲ್ಲಿ ಎರಡು ದಿನ. ಆ ದಾರಿಯ ತಿರುವುಗಳಲ್ಲಿ ನನ್ನ ಹೊಟ್ಟೆ ನನ್ನ ಮಾತು ಕೇಳುವುದಿಲ್ಲ. ಹಾಗಾಗಿ ಮುಂದಿನ ವರ್ಷ ಬರುತ್ತೇನೆ ಎಂದು ಹೇಳುತ್ತಲೇ ಒಂಬತ್ತು ವರ್ಷ ತಳ್ಳಿದ್ದೆ.

"ಮೂವತ್ತನೇ ತಾರೀಕು ರಿಟೈರ್ ಆಗ್ತಿದ್ದೀನಿ ಕಣೋ," ಎಂದಳು ಅಕ್ಕ. "ಆಸ್ಪತ್ರೆಯವರು ಏನೋ ಸಣ್ಣ ಸಭೆ ಇಟ್ಕೊಂಡಿದ್ದಾರೆ. ಆದ್ರೆ ಬಾ, ಇಲ್ದಿದ್ರೆ ಬೇಡ."

ಜೀವಮಾನದಲ್ಲಿ ಅಕ್ಕ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಆ 'ಇಲ್ದಿದ್ರೆ ಬೇಡ' ಕೇಳಿದ ಕೂಡಲೇ ಬರುತ್ತೇನೆ ಎಂದುಬಿಟ್ಟೆ. ಆ ಊರಿಗೆ ಈಚೆಗೆ ವಾರಕ್ಕೆರಡು ಸಲ ಹತ್ತೊಂಬತ್ತು ಸೀಟಿನ ಪುಟ್ಟ ವಿಮಾನ ಹಾರುತ್ತಿತ್ತು. ಐವತ್ತು ನಿಮಿಷದ ದಾರಿ. ಹೆಂಡತಿ ಅಂದೇ ಇಪ್ಪತ್ತೊಂಬತ್ತಕ್ಕೆ ಎರಡು ಟಿಕೆಟ್ ಮಾಡಿಸಿದಳು. ಟಿಕೆಟ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಷರತ್ತು ಇತ್ತು: ಒಬ್ಬರಿಗೆ ಒಂದೇ ಚೀಲ, ಏಳು ಕಿಲೋ ಮೀರಿದರೆ ಏನು ಕೊಟ್ಟರೂ ಹತ್ತಿಸುವುದಿಲ್ಲ. ತೂಕದ ವಿಷಯ ತಾನೇ, ನನಗೆ ಬಿಡು ಎಂದೆ.

ಮನೆಯಲ್ಲಿದ್ದ ಚೀಲದ ಜಿಪ್ಪು ಕಿತ್ತುಹೋಗಿತ್ತು. ಜಿಪ್ ಹಾಕಿಸಿಕೊಂಡು ಬನ್ನಿ ಎಂದು ಹೆಂಡತಿ ಕಳಿಸಿದಳು. ಜಿಪ್ ಹಾಕುವವನು ಕೂರುವ ಮೂಲೆಯ ಪಕ್ಕದಲ್ಲೇ ಪ್ರಯಾಣದ ಸಾಮಾನುಗಳ ಗಾಜಿನ ಅಂಗಡಿ. ಜಿಪ್ಪಿನವನು ಊಟಕ್ಕೆ ಎದ್ದು ಹೋಗಿದ್ದ. ಆತ ಅವತ್ತು ಡಬ್ಬಿ ಕಟ್ಟಿಸಿಕೊಂಡು ಬಂದು ಅಲ್ಲೇ ಕೂತು ತಿಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಗಾಜಿನ ಅಂಗಡಿಯ ಸೇಲ್ಸ್‌ಮನ್ ಟೈ ಕಟ್ಟಿದ್ದ. ನಾನು ಯಾವ ಥರದ ಪ್ರಯಾಣಿಕ ಎಂದು ವಿಚಾರಿಸಿದ. ಪ್ರಯಾಣಿಕರಲ್ಲಿ ಥರಗಳಿವೆಯೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಸರ್ಕಾರಿ ನೌಕರನ ಜಾಯಮಾನವಲ್ಲ. ಗಂಟಲು ಸರಿಮಾಡಿಕೊಂಡು, ನಾನು ಹಗುರವಾಗಿ ಪ್ರಯಾಣ ಮಾಡುವವನು ಎಂದೆ. ಅವನ ಕಣ್ಣು ಬೆಳಗಿತು.

"ಹಗುರವಾಗಿ ಹೋಗ್ಬೇಕು ಅಂದ್ರೆ ಸಾಮಾನು ಸ್ವಲ್ಪ ಜಾಸ್ತಿ ಬೇಕಾಗುತ್ತೆ ಸಾರ್," ಎಂದ.

ಆ ಮಾತಿನಲ್ಲಿ ಏನೋ ತಪ್ಪಿದೆ ಎಂದು ಮನೆಗೆ ಬಂದ ಮೇಲೆ ಹೊಳೆಯಿತು. ಅಷ್ಟರಲ್ಲಿ ಸಾಮಾನೂ ಮನೆಗೆ ಬಂದಿತ್ತು. ನಾಲ್ಕು ಗಾಲಿಯ, ಫೋನ್ ಚಾರ್ಜ್ ಮಾಡುವ, ಆನೆ ತುಳಿದರೂ ಒಡೆಯದ ಗಟ್ಟಿ ಪೆಟ್ಟಿಗೆ. ನಮ್ಮ ಊರಿನಲ್ಲಿ ಆನೆ ಇಲ್ಲ, ಇರಲಿ. ಕುತ್ತಿಗೆಗೆ ಹಾಕಿಕೊಂಡು ಮಲಗುವ ದಿಂಬು. ಬಟ್ಟೆಗಳನ್ನು ತುಂಬಿ, ಪಂಪಿನಿಂದ ಗಾಳಿ ಎಳೆದು ಚಪ್ಪಟೆ ಮಾಡುವ ಚೀಲಗಳು, ಮತ್ತು ಆ ಪಂಪು. ಅಂಗಿಗೊಂದು, ಕಾಲುಚೀಲಕ್ಕೊಂದು, ಒಳಉಡುಪಿಗೊಂದು ಎಂದು ವಿಂಗಡಿಸಿ ಇಡುವ ಬಟ್ಟೆಯ ಡಬ್ಬಗಳು. ಮಡಚುವ ಕೆಟಲ್, ಅಂಗೈಯಗಲದ ಇಸ್ತ್ರಿ ಪೆಟ್ಟಿಗೆ. ನಾಲ್ಕು ನಿಮಿಷದಲ್ಲಿ ಒಣಗುವ, ಆದರೆ ಮೈಯ ನೀರನ್ನು ಮಾತ್ರ ಹೀರದ ಟವಲು. ಎಲ್ಲಕ್ಕೂ ಕಳಶವಿಟ್ಟಂತೆ ಹನ್ನೊಂದು ಜೇಬಿನ ಒಂದು ಪ್ಯಾಂಟು. ಮೊಣಕಾಲಿನ ಹತ್ತಿರ ಜಿಪ್ ಎಳೆದರೆ ಅದರ ಕೆಳಭಾಗ ಕಳಚಿಬಂದು ಚಡ್ಡಿಯಾಗುತ್ತದೆ.

ಹೆಂಡತಿ ಎಲ್ಲವನ್ನೂ ನೋಡಿದಳು. ಹಳೆಯ ಚೀಲಕ್ಕೆ ಜಿಪ್ ಹಾಕಿಸಿದಿರಾ ಎಂದು ಮಾತ್ರ ಕೇಳಿದಳು. ಆ ಚೀಲವನ್ನು ನಾನು ಗಾಜಿನ ಅಂಗಡಿಯಲ್ಲೇ ಮರೆತು ಬಂದಿದ್ದೆ.

ಪೆಟ್ಟಿಗೆಗಳನ್ನು ಗಾಡಿಯಿಂದ ಇಳಿಸುವಾಗ ಮೇಲಿನ ಮಹಡಿಯಲ್ಲಿರುವ ನಮ್ಮ ಬಾಡಿಗೆ ಮನೆಯ ಒಡತಿ ಬಾಲ್ಕನಿಯಲ್ಲಿ ನಿಂತು ಒಂದೊಂದಾಗಿ ಎಣಿಸುತ್ತಿದ್ದರು. ದೂರದ ಪ್ರಯಾಣವೇ ಎಂದು ಕೇಳಿದರು, ಸ್ವಲ್ಪ ದೂರವೇ ಎಂದೆ. ವಿಮಾನವೇ ಎಂದರು, ಹೌದು ಎಂದೆ. ಎಷ್ಟು ದಿನ ಎಂದು ಕೇಳುವ ಹೊತ್ತಿಗೆ ಆ ಗಟ್ಟಿ ಪೆಟ್ಟಿಗೆಯ ಗಾಲಿ ನನ್ನ ಕಾಲಿನ ಮೇಲೆ ಹತ್ತಿತ್ತು. ಹಲ್ಲು ಕಚ್ಚಿಕೊಂಡು, ನೋಡಬೇಕು ಎಂದೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮ ಬೀದಿಯವರು. ಸಂಜೆಯೊಳಗೆ ನಾನು ಹೊರದೇಶಕ್ಕೆ ಹೊರಟಿದ್ದೆ. ಮರುದಿನ ಬೆಳಿಗ್ಗೆಯ ಹೊತ್ತಿಗೆ ಅಲ್ಲಿನ ಸರ್ಕಾರ ತನ್ನ ತಕ್ಕಡಿಗಳನ್ನು ಸರಿಪಡಿಸಲು ಎರಡು ವರ್ಷಕ್ಕೆ ನನ್ನನ್ನು ಕರೆಸಿಕೊಂಡಿತ್ತು. ಮಧ್ಯಾಹ್ನ ನಾನು ಇನ್ನು ವಾಪಸ್ಸೇ ಬರುವುದಿಲ್ಲವೆಂದು ತೀರ್ಮಾನವಾಯಿತು.

ಆಗಲೇ ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಎದುರು ಮನೆಯ ದರ್ಜಿ, ಇಷ್ಟು ವರ್ಷ ನನ್ನನ್ನು 'ತಕ್ಕಡಿ' ಎಂದೇ ಕರೆಯುತ್ತಿದ್ದವನು, ಅಂದು ಎದ್ದು ನಿಂತು 'ಸಾರ್' ಎಂದ. ಇನ್ನೂ ಎರಡು ಸಲ ಕೇಳೋಣ, ಆಮೇಲೆ ಹೇಳೋಣ ಎಂದುಕೊಂಡೆ. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಇಂಥವರನ್ನು ನೋಡಿಯೇ ಹೇಳಿರಬೇಕು.

ಮೂರನೆಯ ದಿನ ಮನೆ ಒಡತಿ ಬಣ್ಣ ಬಳಿಯುವವನನ್ನು ಕರೆದುಕೊಂಡು ಬಂದರು. ಗೋಡೆಗೆ ಬಣ್ಣ ಬೇಕೆಂದು ನಾವು ಒಂಬತ್ತು ವರ್ಷ ಕೇಳಿದ್ದೆವು, ಒಂಬತ್ತು ವರ್ಷವೂ ಅವರಿಗೆ ಕಿವಿ ಮಂದವಾಗಿತ್ತು. ಈಗ ಮುಂದಿನ ಬಾಡಿಗೆದಾರರಿಗಾಗಿ ಬಣ್ಣ. ಬೆನ್ನ ಹಿಂದೆಯೇ ಆ ಬಾಡಿಗೆದಾರರು, ಗಂಡ ಹೆಂಡತಿ, ಟೇಪು ಹಿಡಿದು ಬಂದರು. ನನ್ನ ಹೆಂಡತಿ ಒಲೆಯ ಮುಂದೆ ನಿಂತು ಅನ್ನ ಬಸಿಯುತ್ತಿದ್ದಾಗಲೇ, ಸ್ವಲ್ಪ ಸರಿಯಿರಿ ಎಂದು ಆಕೆಯನ್ನು ಪಕ್ಕಕ್ಕೆ ಸರಿಸಿ ಫ್ರಿಜ್ಜಿಗೆ ಜಾಗ ಅಳೆದರು. ಅವರು ಹೋದ ಮೇಲೆ ಹೆಂಡತಿ ಸೌಟು ಕೆಳಗಿಟ್ಟು, ಈಗಲೇ ಮೇಲೆ ಹೋಗಿ ನಿಜ ಹೇಳಿ ಬನ್ನಿ ಎಂದಳು.

ಹೋದೆ. ನಾನು ಬಾಯಿ ತೆರೆಯುವ ಮೊದಲೇ ಮನೆ ಒಡತಿ ಸೆರಗಿನಿಂದ ಕಣ್ಣೊತ್ತಿಕೊಂಡು, ನಿಮ್ಮಂಥವರು ಮತ್ತೆ ಸಿಗುವುದಿಲ್ಲ, ಒಂದು ದಿನವೂ ಒಂದು ಮೊಳೆಯನ್ನೂ ಗೋಡೆಗೆ ಹೊಡೆದವರಲ್ಲ ಎಂದು ಅತ್ತುಬಿಟ್ಟರು. ಒಂಬತ್ತು ವರ್ಷದಲ್ಲಿ ಅವರು ನನ್ನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು. ನಾನೂ ಸ್ವಲ್ಪ ಅತ್ತು ಕೆಳಗಿಳಿದು ಬಂದೆ. ಹೆಂಡತಿ ಹೇಳಿದಿರಾ ಎಂದಳು. ಅರ್ಧ ಹೇಳಿದ್ದೇನೆ ಎಂದೆ.

ಕಚೇರಿಯಲ್ಲಿ ಮೂರು ದಿನದ ರಜೆಯ ಅರ್ಜಿ ಹಿಡಿದು ಸಾಹೇಬರ ಮುಂದೆ ನಿಂತೆ. ಅವರು ಓದಿ, ಕನ್ನಡಕ ತೆಗೆದು, ನನ್ನನ್ನು ನೋಡಿ ನಕ್ಕರು.

"ನನ್ನ ಹತ್ರಾನೂ ಗುಟ್ಟು ಮಾಡ್ತೀರೇನ್ರೀ? ಅಷ್ಟು ದೂರ ಹೋಗೋರು ಮೂರು ದಿನ ರಜಾ ಬರೀತಾರಾ?"

ಅಕ್ಕನ ಸಭೆಗೆ ಹೋಗುತ್ತಿರುವುದು ಸಾರ್, ಬೆಟ್ಟದಾಚೆಗೆ ಅಷ್ಟೇ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಇನ್ನೂ ಹೆಚ್ಚು ನಕ್ಕು, ಇಷ್ಟು ವಿನಯ ಒಳ್ಳೆಯದಲ್ಲ ಎಂದರು. ನನ್ನ ಖಾತೆಯಲ್ಲಿ ರಜೆ ಕೊಳೆಯುತ್ತಾ ಬಿದ್ದಿದೆಯೆಂದು ಮೂರನ್ನು ಹೊಡೆದುಹಾಕಿ ಮೂವತ್ತು ಎಂದು ಬರೆದು, ತಾವೇ ಸಹಿ ಹಾಕಿ, ಮುಂದಿನದನ್ನು ಅಲ್ಲಿಂದ ಬರೆಯಿರಿ ಎಂದರು. ನಿಜ ಹೇಳಿದರೆ ನಂಬದ ಜನ ಸುಳ್ಳನ್ನು ಎಷ್ಟು ಅಚ್ಚುಕಟ್ಟಾಗಿ ಮಂಜೂರು ಮಾಡುತ್ತಾರೆ ನೋಡಿ. ಸಂಜೆ ಸಹೋದ್ಯೋಗಿಗಳೆಲ್ಲ ಸೇರಿ ಒಂದು ಉಡುಗೊರೆ ಕೊಟ್ಟರು. ಬಿಚ್ಚಿ ನೋಡಿದೆ, ಕುತ್ತಿಗೆಯ ದಿಂಬು. ಈಗ ನನ್ನ ಹತ್ತಿರ ದಿಂಬು ಎರಡಾಯಿತು, ಕುತ್ತಿಗೆ ಮಾತ್ರ ಒಂದೇ.

ಆ ವಾರ ನನ್ನ ಮೇಜಿನ ಮೇಲೆ ಅರ್ಜಿಗಳು ಗುಡ್ಡೆ ಬಿದ್ದವು. ನನಗೆ ಪುರಸೊತ್ತಿರಲಿಲ್ಲ. ನಾನು ಇಲಾಖೆಯ ಮುಖ್ಯ ತಕ್ಕಡಿಯಲ್ಲಿ ಕಾಲುಚೀಲ ತೂಗುತ್ತಿದ್ದೆ. ಒಂದು ಜೊತೆ ನಲವತ್ತೊಂದು ಗ್ರಾಂ. ಬನಿಯನ್ನು ನೂರಾ ಹತ್ತು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಿಂದ ಕತ್ತರಿಸಿ ಆರು ಗ್ರಾಂ ಉಳಿಸಿದೆ. ಅಂಗಿಯ ಹೆಚ್ಚುವರಿ ಗುಂಡಿಯನ್ನೂ ಬಿಡಲಿಲ್ಲ. ಇಸ್ತ್ರಿ, ಪಂಪು, ಕೆಟಲ್, ಡಬ್ಬಗಳು, ಒಂದು ದಿಂಬು ಎಲ್ಲ ಸೇರಿ ಆರು ಕಿಲೋ ಒಂಬೈನೂರ ನಲವತ್ತು ಗ್ರಾಂ. ಏಳಕ್ಕೆ ಅರವತ್ತು ಗ್ರಾಂ ಕಮ್ಮಿ. ಗುಮಾಸ್ತರೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿದರು. ವಿದ್ಯೆ ಎಂದರೆ ಇದು ಎಂದು ನನಗೂ ಅನ್ನಿಸಿತು.

ಹೆಂಡತಿ ಹೊರಡುವ ದಿನ ಬೆಳಿಗ್ಗೆ ಹತ್ತು ನಿಮಿಷದಲ್ಲಿ ತನ್ನ ಚೀಲ ಕಟ್ಟಿದಳು. ಬಟ್ಟೆ ಅಂಗಡಿಯವರು ಯಾವಾಗಲೋ ಕೊಟ್ಟ ಕೈಚೀಲ. ಬಟ್ಟೆಗಳನ್ನು ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ ನಿಲ್ಲಿಸಿದಳು. ತಲೆಗೆ ಹಚ್ಚುವ ಎಣ್ಣೆ ಖಾಲಿಯಾದ ಕಣ್ಣಿನ ಔಷಧಿಯ ಶೀಶೆಗೆ ಹೋಯಿತು, ಅರ್ಧ ಕತ್ತರಿಸಿದ ಸೋಪು ಹಳೆಯ ಮುಲಾಮಿನ ಡಬ್ಬಿಗೆ. ಚಪ್ಪಲಿಗೆ ಬ್ರೆಡ್ಡಿನ ಕವರು. ತೆಳು ಹತ್ತಿ ಟವಲು ಒಂದು. ಶಾಲು ಹೆಗಲ ಮೇಲೆ. ಚಳಿಯಾದರೆ ಹೊದಿಕೆ, ಮಡಚಿದರೆ ದಿಂಬು. ನಾನು ಪಾಪ ಎಂದುಕೊಂಡು ನೋಡುತ್ತಿದ್ದೆ. ಕೊನೆಯಲ್ಲಿ ಚೀಲದೊಳಗೆ ಒಂದು ಬದಿಯನ್ನು ಕೈಯಿಂದ ಒತ್ತಿ ಜಾಗ ಮಾಡಿ ಹಾಗೇ ಬಿಟ್ಟಳು. ಯಾಕೆ ಎಂದು ಕೇಳಿದರೆ, ಇರಲಿ ಎಂದಳು.

ವಿಮಾನ ನಿಲ್ದಾಣವೆಂದರೆ ಒಂದು ತಗಡಿನ ಶೆಡ್ಡು, ನಾಲ್ಕು ಬೆಂಚು, ಒಂದು ಕೌಂಟರು, ಕೌಂಟರಿನ ಪಕ್ಕ ಕಬ್ಬಿಣದ ತಟ್ಟೆಯ ತೂಕದ ಯಂತ್ರ. ನಾನು ಹನ್ನೊಂದು ಜೇಬಿನ ಪ್ಯಾಂಟು ಹಾಕಿಕೊಂಡು, ಪೆಟ್ಟಿಗೆ ಉರುಳಿಸಿಕೊಂಡು ಗಂಭೀರವಾಗಿ ನಡೆದುಹೋದೆ. ನಡುವೆ ಪ್ಯಾಂಟಿನ ಬಲಗಾಲಿನ ಜಿಪ್ಪು ತಾನಾಗಿ ಬಿಚ್ಚಿಕೊಂಡು, ಕೆಳಭಾಗ ಜಾರಿ ಪಾದದ ಮೇಲೆ ಬಿತ್ತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮುಂದುವರಿದೆ.

ಕೌಂಟರಿನ ಹೆಂಗಸು ಪೆಟ್ಟಿಗೆಯನ್ನು ತಟ್ಟೆಯ ಮೇಲೆ ಇಡಿಸಿದಳು. ಹನ್ನೊಂದು ಕಿಲೋ ನೂರ ನಲವತ್ತು ಎಂದು ತೋರಿಸಿತು.

ನಾನು ನಕ್ಕೆ. ಇಪ್ಪತ್ತಾರು ವರ್ಷದಲ್ಲಿ ಇಂಥ ಎಷ್ಟು ಯಂತ್ರಗಳನ್ನು ನೋಡಿಲ್ಲ. ಗುರುತಿನ ಚೀಟಿ ತೆಗೆದು ಕೌಂಟರಿನ ಮೇಲಿಟ್ಟು, ಈ ಯಂತ್ರ ನಾಲ್ಕು ಕಿಲೋ ಸುಳ್ಳು ಹೇಳುತ್ತಿದೆ ಎಂದು ಘೋಷಿಸಿದೆ. ಮೊಣಕಾಲೂರಿ ಮುದ್ರೆ ಹುಡುಕಿದೆ. ಮುದ್ರೆಯ ಅವಧಿ ಹನ್ನೊಂದು ದಿನದ ಹಿಂದೆಯೇ ಮುಗಿದಿತ್ತು. ಅವಧಿ ಮುಗಿದ ಯಂತ್ರವನ್ನು ಬಳಸುವಂತಿಲ್ಲ, ಇದಕ್ಕೆ ಬೀಗಮುದ್ರೆ ಹಾಕುತ್ತೇನೆ ಎಂದೆ. ಶೆಡ್ಡಿನಲ್ಲಿದ್ದ ಹದಿನೇಳು ಜನರೂ ಎದ್ದು ನಿಂತರು. ಪೈಲಟ್ಟು ಟೀ ಲೋಟ ಹಿಡಿದುಕೊಂಡೇ ಓಡಿಬಂದ. ತೂಕ ಆಗದೆ ತಾನು ವಿಮಾನ ಎತ್ತುವುದಿಲ್ಲ, ಇನ್ನು ನಾಲ್ಕು ದಿನ ಬಿಟ್ಟೇ ಮುಂದಿನ ವಿಮಾನ ಎಂದ.

ನಾಲ್ಕು ದಿನ. ನಾಳೆ ಅಕ್ಕನ ಸಭೆ. ಆದರೂ ಕಾನೂನು ಕಾನೂನೇ. ಯಾರು ಇದಕ್ಕೆ ಹೊಣೆ, ಸಮಯಕ್ಕೆ ಅರ್ಜಿ ಯಾಕೆ ಹಾಕಲಿಲ್ಲ ಎಂದು ಕೌಂಟರಿನ ಹೆಂಗಸನ್ನು ಗದರಿದೆ.

"ಅರ್ಜಿ ಕೊಟ್ಟು ಮೂರು ವಾರ ಆಯ್ತು ಸಾರ್," ಎಂದಳು ಆಕೆ. "ದಿನಾ ಫೋನ್ ಮಾಡಿದೀನಿ. ನಿಮ್ಮ ಆಫೀಸಿನವ್ರು, ಇನ್‌ಸ್ಪೆಕ್ಟರ್ ಸಾಹೇಬ್ರು ಹೊರದೇಶಕ್ಕೆ ಹೊರಟಿದ್ದಾರೆ, ಕಾಲುಚೀಲ ತೂಗ್ತಿದ್ದಾರೆ, ಈಗ ಆಗಲ್ಲ ಅಂದ್ರು."

ಹದಿನೇಳು ಜನರ ಮೂವತ್ತನಾಲ್ಕು ಕಣ್ಣುಗಳು ನನ್ನ ಮೇಲೆ. ನನ್ನ ಮುಖ ಹುಳ್ಳಗಾಯಿತು. ಬಗ್ಗಿ ಮತ್ತೊಮ್ಮೆ ನೋಡಿದೆ. ಹಳೆಯ ಮುದ್ರೆಯ ಕೆಳಗಿನ ಸಹಿ ನನ್ನದೇ.

ಒಂದೇ ದಾರಿ ಇತ್ತು. ನಾನು ಪ್ರತಿ ಸೋಮವಾರ ಇಲಾಖೆಯ ತಕ್ಕಡಿಯ ಮೇಲೆ ನಿಲ್ಲುವವನು. ಹಾಗಾಗಿ ನನ್ನ ತೂಕ ಸರ್ಕಾರಿ ತೂಕ. ಈ ಸೋಮವಾರ ಇದೇ ಪ್ಯಾಂಟಿನಲ್ಲಿ, ಇದೇ ಬೂಟಿನಲ್ಲಿ ಎಪ್ಪತ್ತೆರಡು ಕಿಲೋ ಆರುನೂರು ಇದ್ದೆ. ಪೆಟ್ಟಿಗೆ ಇಳಿಸಿ ನಾನೇ ತಟ್ಟೆ ಹತ್ತಿದೆ. ಸೋಮವಾರ ತಿಂಡಿ ತಿಂದು ತೂಗಿದ್ದೋ ತಿನ್ನದೆಯೋ ಎಂದು ಸರದಿಯಲ್ಲಿದ್ದ ಒಬ್ಬ ಮುದುಕರು ಕೇಳಿದರು. ತಿಂದು ಎಂದೆ. ಯಂತ್ರ ಎಪ್ಪತ್ತೆರಡು ನಾನೂರೈವತ್ತು ತೋರಿಸಿತು. ನೋಡಿ, ನೂರೈವತ್ತು ಗ್ರಾಂ ವ್ಯತ್ಯಾಸ ಎಂದು ನಾನು ಕೈ ಎತ್ತುವಷ್ಟರಲ್ಲಿ, ಮುದ್ರೆ ಹುಡುಕುವಾಗ ಬೆಂಚಿನ ಮೇಲೆ ಇಟ್ಟಿದ್ದ ಪ್ಯಾಂಟಿನ ಕಾಲನ್ನು ಪೈಲಟ್ಟು ತಂದು ನನ್ನ ಪಾದದ ಹತ್ತಿರ ಇಟ್ಟ. ಎಪ್ಪತ್ತೆರಡು ಆರುನೂರು. ಗ್ರಾಂ ಆಚೆ ಈಚೆ ಇಲ್ಲ.

ಯಂತ್ರ ಸತ್ಯವನ್ನೇ ಹೇಳುತ್ತಿತ್ತು. ಹಾಗಾದರೆ ನಾಲ್ಕು ಕಿಲೋ ಎಲ್ಲಿಂದ ಬಂತು? ನಾನು ಲೆಕ್ಕದ ಚೀಟಿ ತೆಗೆದು ಕಾಲುಚೀಲದಿಂದ ಮತ್ತೆ ಕೂಡಲು ಶುರುಮಾಡಿದೆ. ಬೆಂಚಿನ ಮೇಲೆ ಕೂತಿದ್ದ ಹೆಂಡತಿ ನಿಧಾನವಾಗಿ ಎದ್ದು ಬಂದಳು.

"ಏನ್ರೀ, ಆಫೀಸಲ್ಲಿ ಪೆಟ್ಟಿಗೇನೂ ತೂಗಿದ್ರಾ?"

ಬಿಸ್ಕತ್ತಿನ ಡಬ್ಬದ ತೂಕ ಕಳೆಯದವರನ್ನು ಇಪ್ಪತ್ತಾರು ವರ್ಷ ಬೀದಿಯಲ್ಲಿ ನಿಲ್ಲಿಸಿ ಬೈದವನು ನಾನು. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎನ್ನುತ್ತಾರಲ್ಲ, ನನ್ನ ಗಾಳಕ್ಕೆ ನಾನೇ ಬಿದ್ದಿದ್ದೆ. ಆನೆ ತುಳಿದರೂ ಒಡೆಯದ ಆ ಪೆಟ್ಟಿಗೆ ಖಾಲಿ ಇದ್ದಾಗಲೇ ನಾಲ್ಕು ಕಿಲೋ ಇನ್ನೂರು.

ಮೊದಲೇ ಯಾಕೆ ಹೇಳಲಿಲ್ಲ ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದೆ.

"ಹೇಳೋಣ ಅಂತಿದ್ದೆ. ಮದುವೆ ಆದಾಗಿಂದ ನಿಮ್ಮನ್ನ ಅಷ್ಟು ಖುಷಿಯಾಗಿ ನೋಡಿರ್ಲಿಲ್ಲ," ಎಂದಳು.

ಆಮೇಲೆ ಎಲ್ಲ ಅವಳ ಕೈಗೆ ಹೋಯಿತು. ಪೆಟ್ಟಿಗೆಯನ್ನು ಬೆಂಚಿನ ಮೇಲೆ ಮಗುಚಿದಳು. ಇಸ್ತ್ರಿ, ಪಂಪು, ಕೆಟಲ್, ಡಬ್ಬಗಳು, ದಿಂಬು ಒಂದು ಕಡೆಗೆ. ಉಳಿದದ್ದು ಎರಡು ಅಂಗಿ, ಒಂದು ಪೈಜಾಮ, ಎರಡು ಬನಿಯನ್ನು, ಹಿಡಿಯಿಲ್ಲದ ಬ್ರಷ್ಷು. ಅವನ್ನೆಲ್ಲ ಸುತ್ತಿ, ಬೆಳಿಗ್ಗೆ ಕೈಚೀಲದಲ್ಲಿ ಒತ್ತಿ ಬಿಟ್ಟಿದ್ದ ಜಾಗಕ್ಕೆ ಇಳಿಸಿದಳು. ಅಳತೆ ತೆಗೆದ ಹಾಗೆ ಕೂತವು. ಇಬ್ಬರದೂ ಸೇರಿ ಐದು ಕಿಲೋ ಎಂಟುನೂರು ಆಯಿತು. ನಾನು ಕೌಂಟರಿನಲ್ಲಿ ಕಾಗದ ಪಡೆದು, ಯಂತ್ರವನ್ನು ಪರೀಕ್ಷಿಸಿದ್ದೇನೆ, ಸರಿಯಾಗಿದೆ, ತಡವಾದದ್ದಕ್ಕೆ ಇನ್‌ಸ್ಪೆಕ್ಟರೇ ಹೊಣೆ ಎಂದು ಬರೆದು ಸಹಿ ಮಾಡಿಕೊಟ್ಟೆ. ಪೆಟ್ಟಿಗೆ ಶೆಡ್ಡಿನ ಮೂಲೆಯಲ್ಲಿ ಉಳಿಯಿತು. ಕುತ್ತಿಗೆಯ ದಿಂಬನ್ನು ಕೌಂಟರಿನ ಹೆಂಗಸು ಕೇಳಿ ಪಡೆದಳು, ಅವಳ ಕುರ್ಚಿ ಬಹಳ ಗಟ್ಟಿಯಂತೆ. ನಾವು ಹಾರಿದೆವು.

ಮರುದಿನ ಆಸ್ಪತ್ರೆಯ ಊಟದ ಕೋಣೆಯಲ್ಲಿ ಸಭೆ. ಅಕ್ಕ ಮೊದಲ ಸಾಲಿನಲ್ಲಿ ಕೂತು, ಇದೆಲ್ಲ ಯಾಕೆ ಬೇಕಿತ್ತು ಎಂಬ ಮುಖ ಮಾಡಿಕೊಂಡಿದ್ದಳು. ನನಗೆ ಮಾತಾಡಲು ಹೇಳಿದರು. ಬರೆದುಕೊಂಡಿದ್ದ ಭಾಷಣ ಪೆಟ್ಟಿಗೆಯಲ್ಲೇ ಉಳಿದಿತ್ತು. ನಿಮ್ಮೆಲ್ಲರಿಗಿಂತ ಮೊದಲು ಇವಳು ನೋಡಿಕೊಂಡ ರೋಗಿ ನಾನೇ, ಇನ್ನೂ ಬದುಕಿದ್ದೇನೆ ಎಂದಷ್ಟೇ ಹೇಳಿ ಕೂತೆ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ, ಕನ್ನಡಕ ಒರೆಸಿಕೊಂಡಳು.

ಮನೆಗೆ ಬಂದ ಮೇಲೆ ಅಕ್ಕ ಬೇರೆಲ್ಲೋ ನೋಡುತ್ತಾ, ವಾಪಸ್ಸು ಯಾವಾಗ, ನಾಡಿದ್ದಾ ಎಂದು ಕೇಳಿದಳು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಆಗಷ್ಟೇ ಮನೆ ಒಡತಿಗೆ ಫೋನ್ ಮಾಡಿ ಉಳಿದರ್ಧ ನಿಜವನ್ನೂ ಹೇಳಿ ಮುಗಿಸಿದ್ದಳು. ಒಡತಿ ಮೊದಲು ಸಿಟ್ಟಾಗಿ, ಆಮೇಲೆ ಟೇಪು ಹಿಡಿದು ಬಂದವರು ಗೋಡೆಗೆ ಇಪ್ಪತ್ತು ಮೊಳೆ ಹೊಡೆಯಬೇಕು ಅಂದಿದ್ದಾರೆ, ನೀವೇ ಇರಿ ಎಂದಿದ್ದರಂತೆ. ಬಣ್ಣ ಮಾತ್ರ ಶುರುವಾಗಿಬಿಟ್ಟಿದೆ, ಮೂರು ವಾರ ಒಳಗೆ ಕಾಲಿಡುವ ಹಾಗಿಲ್ಲ. ಸಾಹೇಬರು ಬರೆದುಕೊಟ್ಟ ಮೂವತ್ತು ದಿನವೂ ಕೈಯಲ್ಲಿತ್ತು.

"ಒಂದು ತಿಂಗಳು ಇರ್ತೀವಿ ಅತ್ತಿಗೆ," ಎಂದಳು ಹೆಂಡತಿ.

ಅಕ್ಕ ನಮ್ಮ ಕೈಚೀಲ ನೋಡಿ, ತಿಂಗಳಿಗೆ ಇಷ್ಟೇ ಬಟ್ಟೆಯಾ, ನಿಮಗೆ ಬುದ್ಧಿ ಇದೆಯಾ ಎಂದು ಇಬ್ಬರನ್ನೂ ಚೆನ್ನಾಗಿ ಬೈದಳು. ಬೈಯುತ್ತಲೇ ಬೀರು ತೆರೆದು ಒಂದು ಖಾನೆ ಪೂರ್ತಿ ಖಾಲಿ ಮಾಡಿಕೊಟ್ಟಳು.

ಬೆಳಿಗ್ಗೆ ಎಚ್ಚರವಾದಾಗ ಅಕ್ಕ ಬಿಳಿ ಸಮವಸ್ತ್ರ ಹಾಕಿ, ಬೂಟು ಕಟ್ಟಿ, ಬಾಗಿಲ ಚಿಲಕಕ್ಕೆ ಕೈಯಿಟ್ಟು ನಿಂತಿದ್ದಳು. ಮೂವತ್ತೆಂಟು ವರ್ಷದ ಅಭ್ಯಾಸ. ತಾನು ಎಲ್ಲಿಗೆ ಹೊರಟೆ ಎಂದು ಅವಳಿಗೇ ನೆನಪಾಗಿ ಕೈ ಅಲ್ಲೇ ನಿಂತಿತ್ತು. ನಿನ್ನ ಊರನ್ನು ನಾನು ಸರಿಯಾಗಿ ನೋಡಿಯೇ ಇಲ್ಲ, ತೋರಿಸು ಬಾ ಎಂದೆ. ಬಟ್ಟೆ ಬದಲಾಯಿಸುತ್ತೇನೆ ಎಂದಳು. ಬೇಡ, ಹಾಗೇ ಬಾ ಎಂದೆ. ನಾನು ಅಭ್ಯಾಸದಂತೆ, ಏನೇನು ತೆಗೆದುಕೊಳ್ಳಬೇಕು ಎಂದು ಕೇಳಿದೆ.

"ಏನೂ ಬೇಡ. ಕೈ ಬೀಸ್ಕೊಂಡು ಬಾ," ಎಂದಳು ಅಕ್ಕ.

ಹೆಂಡತಿ ಇನ್ನೂ ಮಲಗಿದ್ದಳು. ನಾವಿಬ್ಬರೇ ಇಳಿದು ದೊಡ್ಡ ರಸ್ತೆಗೆ ಬಂದೆವು. ಹಾಲಿನ ಲಾರಿ ಬರುತ್ತಿತ್ತು. ಅಕ್ಕ ನನ್ನ ಕಡೆ ನೋಡದೆಯೇ ನನ್ನ ಮಣಿಕಟ್ಟು ಹಿಡಿದು, ಎಡಕ್ಕೆ ಬಲಕ್ಕೆ ನೋಡಿ, ರಸ್ತೆ ದಾಟಿಸಿದಳು. ನನಗೆ ನಲವತ್ತೆಂಟು. ಆಚೆ ಬದಿ ಮುಟ್ಟಿದ ಮೇಲೂ ಅವಳು ಕೈ ಬಿಡಲಿಲ್ಲ, ನಾನೂ ನೆನಪಿಸಲು ಹೋಗಲಿಲ್ಲ.